ನಾಲ್ಕು ನಲವತ್ತರ ಹಸಿವು

ಫಕೀರೇಶ ಮಣ್ಣಾಗಿ ಹನ್ನೊಂದು ತಿಂಗಳಾಗಿತ್ತು. ಆದರೂ ಅವನಿಗೆ ಹಸಿವಾಗುವುದು ನಿಂತಿರಲಿಲ್ಲ.

ದಿನಕ್ಕೆ ಎರಡು ಸಲ ಆಗುತ್ತಿತ್ತು. ಬೆಳಿಗ್ಗೆ ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ ಒಮ್ಮೆ, ಸಂಜೆ ನಾಲ್ಕು ನಲವತ್ತಕ್ಕೆ ಇನ್ನೊಮ್ಮೆ. ಆಗುತ್ತಿದ್ದದ್ದು ಅವನ ಹೆಂಡತಿ ದಾಕ್ಷಾಯಿಣಿಯ ಹೊಟ್ಟೆಯಲ್ಲಿ.

"ದಾಕ್ಷೀ, ಹೊತ್ತಾತು ನೋಡು," ಎಂದು ಅತ್ತೆ ಶಾವಂತ್ರವ್ವ ಅಡುಗೆಮನೆಯಿಂದಲೇ ಕೂಗುತ್ತಿದ್ದಳು. "ಅವಂಗ ಹಸಿವಾಗಿರಬೇಕು."

ದಾಕ್ಷಾಯಿಣಿ ಗೋಡೆಗೆ ಒರಗಿ ಕೂರುತ್ತಿದ್ದಳು. ಹಿತ್ತಾಳೆ ಬಟ್ಟಲಲ್ಲಿ ಮಾದಲಿ ಬರುತ್ತಿತ್ತು. ಗೋಧಿ, ಕಡಲೆಬೇಳೆ ಹಿಟ್ಟಿನ ಕಡಕ್ ರೊಟ್ಟಿ ಕುಟ್ಟಿ, ಬೆಲ್ಲ, ಒಣಕೊಬ್ಬರಿ, ಗಸಗಸೆ ಕಲಸಿದ ಪುಡಿ. ಮೇಲೆ ಬಿಸಿ ಹಾಲು, ತುಪ್ಪ. ಗದಗಿನ ಕಡೆ ಮದುವೆಗೆ, ಹಬ್ಬಕ್ಕೆ ಮಾಡುವ ಸಿಹಿ. ಫಕೀರೇಶ ಬದುಕಿದ್ದಾಗ ಹಬ್ಬಕ್ಕೆ ಕಾಯುತ್ತಿರಲಿಲ್ಲ, ಡಬ್ಬಿಯಿಂದ ಒಣಪುಡಿಯನ್ನೇ ಮುಕ್ಕುತ್ತಿದ್ದ. ದಾಕ್ಷಾಯಿಣಿಯ ಹೊಟ್ಟೆಗೆ ಹಿಡಿಯುತ್ತಿದ್ದದ್ದು ಎಂಟು ಚಮಚ. ಎಂಟೂ ಮುಗಿಯುವ ತನಕ ಶಾವಂತ್ರವ್ವ ಎದುರಿಗೆ ಕೂತಿರುತ್ತಿದ್ದಳು. ನೀನು ತಿನ್ನು ಎಂದು ಒಂದು ದಿನವೂ ಅಂದವಳಲ್ಲ. ಅವಂಗ ಹಸಿವಾಗೇತಿ, ಅವಂಗ ಕೊಡು, ಇನ್ನೊಂದು ಚಮಚೆ ಅವಂಗ.

ಒಂದೂವರೆ ಗಂಟೆಯ ನಂತರ ದಾಕ್ಷಾಯಿಣಿಗೆ ಬೆವರು ಕಿತ್ತುಕೊಂಡು ಬರುತ್ತಿತ್ತು. ಕೈ ನಡುಗಿ, ಕಣ್ಣಿಗೆ ಕತ್ತಲೆ ಕಟ್ಟುತ್ತಿತ್ತು. ಅವಳು ಬಚ್ಚಲಿಗೆ ಹೋಗಿ, ಸದ್ದು ಕೇಳಿಸಬಾರದೆಂದು ನಳ ಬಿಟ್ಟು, ತಣ್ಣನೆಯ ಗೋಡೆಗೆ ಹಣೆ ಹಚ್ಚಿ ನಿಲ್ಲುತ್ತಿದ್ದಳು. ಆಮೇಲೆ ಆಸ್ಪತ್ರೆಯವರು ಕೊಟ್ಟ ಊಟದ ದಿನಚರಿಯಲ್ಲಿ ಬರೆಯುತ್ತಿದ್ದಳು: ಸಂಜೆ 4.40, ಮಜ್ಜಿಗೆ, ಅರ್ಧ ಲೋಟ.

ಮುದುಕಿ ಮಗನಿಗೆ ಉಣಿಸುತ್ತಿದ್ದಾಳೆ. ಅದನ್ನು ಹೇಗೆ ಬಿಡಿಸುವುದು ಎಂದು ದಾಕ್ಷಾಯಿಣಿ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

*

ಮದುವೆಯಾದಾಗ ಅವಳ ತೂಕ ನೂರಾ ಇಪ್ಪತ್ತನಾಲ್ಕು ಕಿಲೋ, ಅವನದು ಐವತ್ತೆರಡು. ಅಕ್ಕಿಕಾಳು ಹಾಕಲು ಬಂದವರು ಬಾಯಿಗೆ ಸೆರಗು ಹಿಡಿದು ನಕ್ಕಿದ್ದರು. ಫಕೀರೇಶನೂ ನಕ್ಕಿದ್ದ. "ಗಾಳಿ ಬೀಸಿದ್ರ ಹಿಡ್ಕೊಳ್ಳಾಕ ಏನರ ಬೇಕಲ್ಲ ನನಗ," ಅಂದಿದ್ದ.

ಅವನ ಕೆಲಸ ಗಾಳಿಯದೇ. ಕಪ್ಪತಗುಡ್ಡದ ಸಾಲಿನಲ್ಲಿ ನಿಂತ ಗಾಳಿಯಂತ್ರಗಳನ್ನು ಹತ್ತಿ ದುರಸ್ತಿ ಮಾಡುತ್ತಿದ್ದ. ಅವಳು ಅದೇ ಯಂತ್ರಗಳನ್ನು ಗದಗಿನ ನಿಯಂತ್ರಣ ಕೊಠಡಿಯಲ್ಲಿ ಕೂತು ಪರದೆಯ ಮೇಲೆ ನೋಡುತ್ತಿದ್ದಳು. ಎಂ.ಟೆಕ್ ಮಾಡಿದವಳು. ಒಂದೊಂದು ಯಂತ್ರದ ಉಸಿರನ್ನೂ ಬಲ್ಲವಳು, ಆದರೆ ಒಂದನ್ನೂ ಹತ್ತಿದವಳಲ್ಲ. ಏಣಿಯ ಸುರಕ್ಷಾಪಟ್ಟಿ ನೂರು ಕಿಲೋ ಮೀರಿದವರನ್ನು ಹೊರುತ್ತಿರಲಿಲ್ಲ.

"ಮ್ಯಾಲಿಂದ ತುಂಗಭದ್ರಾ ಕಾಣ್ತೈತಿ. ಬೆಳ್ಳಿ ಉಡದಾರಾ ಒಗದಂಗ," ಎಂದು ಅವನು ವಾಕಿಟಾಕಿಯಲ್ಲಿ ಹೇಳುತ್ತಿದ್ದ.

ತೂಕ ಇಳಿಸುವ ಶಸ್ತ್ರಚಿಕಿತ್ಸೆಗೆ ಅವಳು ಒಪ್ಪಿದ್ದು ಅದನ್ನು ನೋಡುವುದಕ್ಕೆ.

ಜಠರವನ್ನು ಬಾಳೆಕಾಯಿಯಷ್ಟು ಸಣ್ಣ ಕೊಳವೆ ಮಾಡುವುದು ಹಳೆಯ ವಿದ್ಯೆ. ಅದರ ತೊಂದರೆಯೂ ಹಳೆಯದು. ಕೊಳವೆ ಸಣ್ಣದಾದರೂ ಹಸಿವು ಕೆಲವು ವರ್ಷಕ್ಕೆ ಮರಳಿ ಬರುತ್ತಿತ್ತು, ಹಸಿವಿನ ಹಿಂದೆ ತೂಕ. ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ಡಾ. ರುಕ್ಸಾನಾ ನದಾಫ್ ಹೊಸ ದಾರಿ ಹಿಡಿದಿದ್ದರು. ಬಡಕಲು ಮನುಷ್ಯನೊಬ್ಬನ ಜಠರದಿಂದ ತೊಗರಿಬೇಳೆಯಷ್ಟು ಚೂರು ತೆಗೆಯುವುದು. ಇನ್ನೊಬ್ಬರ ದೇಹ ಅದನ್ನು ಪರಕೀಯವೆಂದು ತಳ್ಳದಂತೆ ಅದರ ಗುರುತು ಅಳಿಸುವುದು. ಆರು ವಾರ ಬಟ್ಟಲಲ್ಲಿ ಪೊರೆಯಾಗಿ ಬೆಳೆಸಿ, ಅದನ್ನು ಕೊಳವೆಯ ಒಳಮೈಗೆ ಅಂಟಿಸುವುದು. ಹಸಿವು ಯಾವಾಗ, ಸಾಕು ಯಾವಾಗ ಎಂದು ಮಿದುಳಿಗೆ ಹೇಳುವುದು ಇನ್ನು ಆ ಪೊರೆ.

"ಯಾರದಾದರೂ ನಡಿತೈತಿ, ತೆಳ್ಳಗಿರಬೇಕು ಅಷ್ಟ," ಅಂದಿದ್ದರು ಡಾಕ್ಟರ್.

"ನನಗಿಂತಾ ತೆಳ್ಳಗಿದ್ದವ್ರು ಸಿಕ್ಕರ ಅವರು ಜೀವಂತ ಇರೂದಿಲ್ಲ ಬಿಡ್ರಿ," ಅಂದಿದ್ದ ಫಕೀರೇಶ.

ಒಂದು ಸಂಗತಿ ಡಾಕ್ಟರರಿಗೂ ಮೊದಲು ಗೊತ್ತಿರಲಿಲ್ಲ. ಗಂಡನ ಜಠರದಿಂದ ಬಂದ ಪೊರೆ ತನ್ನ ಗಡಿಯಾರವನ್ನೂ ಹೊತ್ತುಕೊಂಡು ಬಂದಿತ್ತು. ಹತ್ತೊಂಬತ್ತನೇ ವಯಸ್ಸಿನಿಂದ ಫಕೀರೇಶ ಬುತ್ತಿ ಬಿಚ್ಚಿದ್ದು ಹನ್ನೊಂದಕ್ಕೆ ಹತ್ತು ಇರುವಾಗ, ಕೆಳಗಿಳಿದು ಎರಡನೇ ಸಲ ತಿಂದದ್ದು ನಾಲ್ಕು ನಲವತ್ತಕ್ಕೆ. ಈಗ ಅವಳಿಗೂ ಆ ಹೊತ್ತಿಗೇ ಹೊಟ್ಟೆ ಚುರುಗುಟ್ಟತೊಡಗಿತು. ಅವನು ಯಂತ್ರದ ಮೇಲೆ, ಅವಳು ಕೊಠಡಿಯಲ್ಲಿ.

"ದಾಕ್ಷೀ, ಹಸಿವಾತೇನು?"

"ಆತ್ರಿ."

"ಹಂಗಾರ ನನಗೂ ಆಗಿರಬೇಕು. ಇಳೀತೀನಿ ತಡಿ."

ಕೊಠಡಿಯಲ್ಲಿದ್ದವರೆಲ್ಲ ನಗುತ್ತಿದ್ದರು. ಎಂಟು ತಿಂಗಳಿಗೆ ಅವಳು ಎಂಬತ್ತೊಂದು ಕಿಲೋಗೆ ಇಳಿದಳು. ಇಪ್ಪತ್ತೇಳನೇ ಯಂತ್ರವನ್ನು ಹತ್ತಿದಳು. ನದಿ ಕಂಡಿತು. ಉಡದಾರದ ಹಾಗೆ ಕಾಣಲಿಲ್ಲ, ಆದರೆ ಹಾಗೇ ಕಾಣುತ್ತದೆ ಎಂದಳು. ಅದಾದ ಹದಿನಾಲ್ಕನೇ ದಿನ ಮುಂಡರಗಿ ರಸ್ತೆಯಲ್ಲಿ, ಮುಸ್ಸಂಜೆ, ಹಿಂದೆ ದೀಪವಿಲ್ಲದ ಟ್ರ್ಯಾಕ್ಟರೊಂದಕ್ಕೆ ಅವನ ಬೈಕು ಹೊಡೆಯಿತು.

*

ಈಗ ಅವಳ ತೂಕ ನಲವತ್ತೊಂಬತ್ತು. ತಲೆ ಬಾಚಿದರೆ ಹಣಿಗೆ ತುಂಬ ಕೂದಲು. ಕಾಲಿನ ಬೆರಳು ಜೋಮು ಹಿಡಿದು ಚಪ್ಪಲಿ ಕಳಚಿದ್ದೂ ಗೊತ್ತಾಗುತ್ತಿರಲಿಲ್ಲ. ಅನ್ನ ಎದೆಯ ಕೆಳಗೆ ಕಲ್ಲಿನಂತೆ ನಿಲ್ಲುತ್ತಿತ್ತು. ಮರುಶಸ್ತ್ರಚಿಕಿತ್ಸೆ ಮಾಡದೆ ವಿಧಿಯಿಲ್ಲ ಎಂದು ಡಾಕ್ಟರ್ ಎರಡು ಸಲ ಫೋನು ಮಾಡಿದ್ದರು. ಎರಡು ಸಲವೂ ಅವಳು ರಜೆ ಇಲ್ಲ ಅಂದಿದ್ದಳು. ಮರುಶಸ್ತ್ರಚಿಕಿತ್ಸೆ ಎಂದರೆ ಪೊರೆಯನ್ನು ಕಿತ್ತು ತೆಗೆಯುವುದು. ತನ್ನೊಳಗೆ ಬದುಕಿರುವ ಫಕೀರೇಶನ ಅಂಗೈಯಗಲವನ್ನು ತೆಗೆದು ಎಸೆಯುವುದು.

ಒಂದು ಮಂಗಳವಾರ ನಿಯಂತ್ರಣ ಕೊಠಡಿಯಲ್ಲಿ ಅವಳು ಬುತ್ತಿಯ ಜೊತೆ ಅತ್ತೆ ಕೊಟ್ಟ ಪುಟ್ಟ ಡಬ್ಬಿಯನ್ನು ಹತ್ತು ಐವತ್ತಕ್ಕೆ ಬಿಚ್ಚಿದಳು. ಹನ್ನೆರಡೂಕಾಲಿನ ಹೊತ್ತಿಗೆ ಪರದೆಯ ಅಂಕಿಗಳು ಇರುವೆಗಳಾದವು. ಎಲ್ಲೋ ಏನೋ ಕೂಗುತ್ತಿತ್ತು.

"ಅಕ್ಕಾರ, ಇಪ್ಪತ್ತೇಳು ಒದರಾಕತ್ತೈತಿ," ಎಂದ ಪಕ್ಕದ ಕುರ್ಚಿಯ ವಿಠ್ಠಲ.

ಇಪ್ಪತ್ತೇಳು ಅಂದರೇನು ಎಂದು ಅವಳು ಯೋಚಿಸುತ್ತಿದ್ದಳು.

ವಿಠ್ಠಲ ಅವಳ ಕೀಲಿಮಣೆಗೆ ಕೈ ಚಾಚಿ ಆ ಯಂತ್ರದ ರೆಕ್ಕೆಗಳನ್ನು ಓರೆ ಮಾಡಿದ. ವೇಗ ಮೀರಿದ ಯಂತ್ರವನ್ನು ಹಿಡಿದು ನಿಲ್ಲಿಸಲಾಗದು. ರೆಕ್ಕೆಗಳನ್ನು ಗಾಳಿಗೆ ಓರೆಯಾಗಿ ತಿರುವಿದರೆ ಗಾಳಿ ಮುಟ್ಟಿಯೂ ಮುಟ್ಟದಂತೆ ಹಾದುಹೋಗುತ್ತದೆ, ಯಂತ್ರ ತಾನಾಗಿ ನಿಧಾನವಾಗುತ್ತದೆ. ಹೊಸಬರಿಗೆ ಅದನ್ನು ಕಲಿಸುತ್ತಿದ್ದವಳು ದಾಕ್ಷಾಯಿಣಿಯೇ.

ಅವನು ಅವಳ ಬಾಯಿಗೆ ಗ್ಲೂಕೋಸ್ ಪುಡಿ ಹಾಕಿದ. ಅವಳ ಕಣ್ಣು ತಿಳಿಯಾದ ಮೇಲೆ ಹೇಳಿದ, "ನಿಮ್ಮ ಹೊಟ್ಟಿಗೂ ಒಂದು ಸ್ಕ್ರೀನ್ ಇಡೂಣೇನ್ರಿ? ನಾ ನೋಡ್ಕೋತೀನಿ." ಆಮೇಲೆ ನಗು ಬಿಟ್ಟ. "ಹಿಂಗಾದದ್ದು ಇದು ಎರಡನೇ ಸಲ, ಅಕ್ಕಾರ. ನಾ ವರದಿ ಬರಿಲಾರದ ಇದ್ರ ನಾಳೆ ಯಾರರ ಯಂತ್ರದ ಮ್ಯಾಲೆ ಇದ್ದಾಗ ಆತಂದ್ರ? ಆಗ ಫಕೀರೇಶಣ್ಣ ನನ್ನ ಬಿಡ್ತಾನೇನು?"

"ಬರಿ," ಎಂದಳು ದಾಕ್ಷಾಯಿಣಿ. ಮರುದಿನವೇ ಹುಬ್ಬಳ್ಳಿಗೆ ಹೋಗಿ ಗಂಟಲಿನಿಂದ ಹೊಟ್ಟೆಗೆ ತಪಾಸಣೆಯ ನಳಿಗೆ ಇಳಿಸಿಕೊಂಡು, ಪೊರೆಯ ಮಾದರಿ ಕೊಟ್ಟು ಬಂದಳು. ಫಲಿತಾಂಶಕ್ಕೆ ಎರಡು ವಾರ ಹಿಡಿಯಿತು.

*

ಡಾ. ನದಾಫ್ ಅವಳನ್ನು ತಪಾಸಣೆ ಕೋಣೆಗೆ ಕರೆಯದೆ ನೇರವಾಗಿ ಪ್ರಯೋಗಾಲಯಕ್ಕೆ ಕರೆದೊಯ್ದರು. ಮೊದಲು ಅವಳ ತೋಳಿಗೆ ಅಂಟಿಸಿದ್ದ, ರಕ್ತದ ಸಕ್ಕರೆ ಅಳೆಯುವ ಪಟ್ಟಿಯ ಗೆರೆಗಳನ್ನು ತೋರಿಸಿದರು.

"ದಿನಾ ಐದರ ಸುಮಾರಿಗೆ ಇಲ್ಲೊಂದು ಗುಡ್ಡ ಏಳತೈತಿ. ಆರೂವರೆಗೆ ಕಂದಕ. ನೀವು ಮಜ್ಜಿಗಿ ಅಂತ ಬರದೀರಿ. ಮಜ್ಜಿಗಿಗೆ ಇಂಥಾ ಗುಡ್ಡ ಏಳೂದಿಲ್ರಿ, ದಾಕ್ಷಾಯಿಣಿ."

ಅವಳು ನೆಲ ನೋಡಿದಳು. "ಮಾದಲಿ," ಎಂದಳು ಕೊನೆಗೆ. "ಅತ್ತಿ ಮಾಡಿಕೊಡ್ತಾರ್ರಿ. ಅವರ ಹಸಿವಿಗೆ."

"ಯಾರ ಹಸಿವಿಗೆ?"

ದಾಕ್ಷಾಯಿಣಿ ಹೊಟ್ಟೆಯ ಮೇಲೆ ಕೈಯಿಟ್ಟಳು. ಡಾಕ್ಟರ್ ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು.

"ಇಲ್ನೋಡ್ರಿ," ಎಂದು ಗಾಜಿನ ಪೆಟ್ಟಿಗೆಯ ಕಡೆ ಕೈ ಮಾಡಿದರು. ಬೆಚ್ಚನೆಯ ಪೆಟ್ಟಿಗೆಯೊಳಗೆ ಅಂಗೈಯಗಲದ ಬಟ್ಟಲು. ಅದರ ತಳದಲ್ಲಿ ಹಾಲಿನ ಕೆನೆಯಂಥ ತೆಳು ಪೊರೆ. "ಇದು ನಿಮ್ಮ ಯಜಮಾನರದು. ಮುಂದ ಬೇಕಾದೀತು ಅಂತ ಆವತ್ತಿನಿಂದ ಬೆಳೆಸಿಕೋತ ಬಂದೇವಿ. ಈ ಪರದ್ಯಾಗ ಮ್ಯಾಲಿನ ಗೆರಿ ಇದರದು. ಕೆಳಗಿನದು ನಿಮ್ಮ ಹೊಟ್ಟ್ಯಾಗಿಂದ ತಗದದ್ದು."

ಮೇಲಿನ ಗೆರೆ ದಿನಕ್ಕೆರಡು ಸಲ ಏಳುತ್ತಿತ್ತು. ಹತ್ತು ಐವತ್ತಕ್ಕೆ, ನಾಲ್ಕು ನಲವತ್ತಕ್ಕೆ. ಕೆಳಗಿನದು ಮಟ್ಟಸವಾಗಿತ್ತು.

ಪರದೆ ಓದುವುದು ದಾಕ್ಷಾಯಿಣಿಯ ಕಸುಬು. ಡಾಕ್ಟರ್ ಬಾಯಿ ತೆರೆಯುವ ಮೊದಲೇ ಅವಳಿಗೆ ತಿಳಿಯಿತು.

"ನಿಮ್ಮೊಳಗಿರೋ ಜೀವಕೋಶ ಎಲ್ಲಾ ನಿಮ್ಮವ. ಅವರವು ಒಂದೂ ಉಳದಿಲ್ಲ. ಅದ ಜಾಗಾದಾಗ ಗಾಯದ ಕಲಿ ಬೆಳದು ಕೊಳವಿ ಇಕ್ಕಟ್ಟಾಗೇತಿ, ಅನ್ನ ನಿಲ್ಲೂದು ಅದಕ್ಕ. ನನ್ನ ಅಂದಾಜು, ಪೊರಿ ಸತ್ತು ಏಳೆಂಟು ತಿಂಗಳಾದವು."

"ಆದ್ರ ನನಗ ಹಸಿವಾಗತೈತಲ್ರಿ. ನಿನ್ನೆನೂ ಆತು. ನಾಲ್ಕು ನಲವತ್ತಕ್ಕ ಸರಿಯಾಗಿ."

"ದಿನಾ ಅದ ಹೊತ್ತಿಗೆ ಅದ ಬಟ್ಟಲು ಮುಂದ ಇಟ್ಟರ ಯಾವ ಹೊಟ್ಟಿನೂ ಕಲೀತೈತಿ. ಹದಿನೈದು ದಿನ ಸಾಕು." ಡಾಕ್ಟರರ ದನಿ ತಗ್ಗಿತು. "ಅದು ನಿಮ್ಮದ ಹಸಿವು."

ಇನ್ನು ಉಳಿದದ್ದು ವ್ಯವಹಾರದ ಮಾತು. ಇಕ್ಕಟ್ಟಾದ ಭಾಗವನ್ನು ಬಿಡಿಸಿ, ಕರುಳಿಗೆ ಬೇರೆ ದಾರಿ ಜೋಡಿಸುವುದು ಖಚಿತ. ತಡವಾದಷ್ಟೂ ಕಾಲಿನ ನರಗಳು ಚೇತರಿಸುವುದು ಕಷ್ಟ. ಅವಳು ನಿರ್ಧರಿಸಬೇಕಾದದ್ದು ಒಂದೇ: ಬಟ್ಟಲಿನಲ್ಲಿರುವ ಪೊರೆಯನ್ನು ಮತ್ತೆ ಹಾಕಬೇಕೇ, ಬೇಡವೇ. ಹಾಕಿದರೆ ಅದು ಮತ್ತೆ ಅವನ ಹೊತ್ತಿಗೆ ಏಳುತ್ತದೆ. ಎಷ್ಟು ದಿನ ಬಾಳುತ್ತದೋ ಗೊತ್ತಿಲ್ಲ, ಇದೇ ತೊಡಕುಗಳು ಮರುಕಳಿಸಲೂಬಹುದು. ಬೇಡವೆಂದರೆ ಶಸ್ತ್ರಚಿಕಿತ್ಸೆಯ ದಿನ ಪೆಟ್ಟಿಗೆಯ ಕಾವು ಆರಿಸುತ್ತಾರೆ. ಅದು ನಿಯಮ.

ಗಡಿಯಾರ ಹತ್ತು ನಲವತ್ತಾರು ತೋರಿಸುತ್ತಿತ್ತು. "ನಾಲ್ಕು ನಿಮಿಷ ಇಲ್ಲೇ ನಿಲ್ಲಲೇನ್ರಿ?" ಎಂದು ಕೇಳಿದಳು.

ಡಾಕ್ಟರ್ ತಾವೂ ನಿಂತರು. ಹತ್ತು ಐವತ್ತಕ್ಕೆ ಪರದೆಯ ಮೇಲಿನ ಗೆರೆ ಮೆಲ್ಲಗೆ ತಲೆಯೆತ್ತಿತು. ಹಸುಗೂಸು ನಿದ್ದೆಯಲ್ಲಿ ಬಾಯಿ ಚಪ್ಪರಿಸಿದ ಹಾಗೆ.

"ಅದಕ್ಕ ಏನು ಕೊಡ್ತೀರಿ?"

"ಸಕ್ಕರಿ ನೀರು. ಸ್ವಲ್ಪ ಉಪ್ಪು."

"ಹಸಿವಾಗೇತದಕ್ಕ."

"ಇಲ್ಲವ್ವಾ," ಎಂದರು ಡಾಕ್ಟರ್. ಅಷ್ಟು ದಿನಗಳಲ್ಲಿ ಮೊದಲ ಸಲ ಅವಳನ್ನು ಹಾಗೆ ಕರೆದಿದ್ದರು. "ಅದು ಗಡಿಯಾರ ಅಷ್ಟ. ಹಸಿವು ಆಗಬೇಕಂದ್ರ ಮನುಷಾ ಬೇಕು."

*

ಅವಳು ಮನೆಗೆ ಬಂದಾಗ ನಾಲ್ಕೂಕಾಲು. ಒಪ್ಪಿಗೆ ಪತ್ರವನ್ನು ಅಡುಗೆಮನೆಯ ಕಪಾಟಿನ ಮೇಲಿಟ್ಟು ಕೈಕಾಲು ತೊಳೆದಳು. ಬಸ್ಸಿನುದ್ದಕ್ಕೂ ಒಂದೇ ಯೋಚನೆ ಮಾಡಿದ್ದಳು: ಮುದುಕಿಗೆ ಹೇಗೆ ಹೇಳುವುದು. ಮಗ ಎರಡನೇ ಸಲ ಸತ್ತ ಎಂದು ಯಾವ ಬಾಯಿಯಿಂದ ಹೇಳುವುದು. ಹೇಳದೆ, ಪತ್ರದಲ್ಲಿ ಹೊಸ ಪೊರೆ ಬೇಕು ಎಂದು ಗುರುತು ಹಾಕಿದರೆ ಎಲ್ಲವೂ ಮೊದಲಿನ ಹಾಗೆ ನಡೆಯುತ್ತದೆ. ಅತ್ತೆಯ ಸಲುವಾಗಿ ಅಷ್ಟು ಮಾಡಬಾರದೇ?

"ಹೊತ್ತಾತು," ಎಂದಳು ಶಾವಂತ್ರವ್ವ. ಬಟ್ಟಲು ಬಂತು. "ಅವಂಗ ಹಸಿವಾಗಿರಬೇಕು."

ಹಸಿವಾಗಿತ್ತು. ಹೊಟ್ಟೆ ಗಂಟೆ ತಪ್ಪದೆ ಎದ್ದು ಕೂತಿತ್ತು. ದಾಕ್ಷಾಯಿಣಿ ಚಮಚ ಎತ್ತಿದಳು. ಬಾಯಿಯ ತನಕ ಹೋಗಲಿಲ್ಲ.

"ಅತ್ತಿ, ಅವರು ನನ್ನ ಹೊಟ್ಟ್ಯಾಗ ಇಲ್ಲಂತ. ಹೋಗಿ ಏಳೆಂಟು ತಿಂಗಳಾದವಂತ."

ಶಾವಂತ್ರವ್ವ ಅಳಲಿಲ್ಲ. ಒಲೆಯ ಮೇಲಿನ ಹಾಲು ಉಕ್ಕುವುದರಲ್ಲಿತ್ತು. ಎದ್ದು ಆರಿಸಿ, ತಟ್ಟೆ ಮುಚ್ಚಿ, ಬಂದು ಮತ್ತೆ ಕೂತಳು.

"ಅವ ಅಲ್ಲಿ ಯಾವಾಗಿದ್ದ, ತಂಗಿ?"

ದಾಕ್ಷಾಯಿಣಿಗೆ ಅರ್ಥವಾಗಲಿಲ್ಲ.

"ಅವನ ಮಾರಿ ಮ್ಯಾಲೆ ಮೂರು ಹಿಡಿ ಮಣ್ಣು ಹಾಕೀನಿ ನಾನು. ಈ ಕೈಲೆ. ಒಬ್ಬ ಮನುಷಾ ಎರಡು ಕಡೆ ಇರ್ತಾನೇನು?"

"ಮತ್ತ ದಿನಾ ಅವಂಗ ಹಸಿವಾಗೇತಿ ಅಂತಿದ್ರಿ."

"ಅಂತಿದ್ದೆ." ಶಾವಂತ್ರವ್ವ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ಅವ ಹೋದ ಮ್ಯಾಲೆ ಹತ್ತೊಂಬತ್ತು ದಿನಾ ನೀ ಬರೇ ನೀರ ಕುಡದಿ. ತಾಟು ಮುಂದಿಟ್ಟರ ಗ್ವಾಡಿ ನೋಡತಿದ್ದಿ. ನಿಮ್ಮವ್ವ ಬಂದು ಅತ್ತಳು, ನೀ ಉಣ್ಣಲಿಲ್ಲ. ನಾ ಬೈದೆ, ನೀ ಉಣ್ಣಲಿಲ್ಲ. ಒಂದಿನಾ ನನಗ ಬಾಯಿ ತಪ್ಪಿ ಬಂತು, ಅವಂಗ ಹಸಿವಾಗಿರಬೇಕು ಅಂತ. ಬಟ್ಟಲಾ ಖಾಲಿ ಮಾಡಿದಿ. ಮರುದಿನಾನೂ ಅಂದೆ. ಮತ್ತ ತಿಂದಿ. ಮಗನ್ನ ಕಳಕೊಂಡಾಗಿತ್ತು. ಅವನ ಹೆಸರು ಹೇಳಿ ಸೊಸಿ ಒಬ್ಬಾಕಿ ಉಳಿತಾಳಂದ್ರ, ಸುಳ್ಳಾದ್ರ ಏನಾತು ಅಂದ್ಕೊಂಡೆ."

ದಾಕ್ಷಾಯಿಣಿ ಬಟ್ಟಲನ್ನು ನೋಡುತ್ತ ಕೂತಳು. ತುಪ್ಪ ಹೆಪ್ಪುಗಟ್ಟುತ್ತಿತ್ತು. ಹನ್ನೊಂದು ತಿಂಗಳು ಅವಳು ಈ ಮುದುಕಿಯ ನಂಬಿಕೆಗಾಗಿ ತಿಂದಿದ್ದಳು, ಬೆವತಿದ್ದಳು, ಸುಳ್ಳು ಬರೆದಿದ್ದಳು. ನಂಬಿದ್ದವರು ಈ ಮನೆಯಲ್ಲಿ ಒಬ್ಬರೇ ಇದ್ದರು. ಎಂ.ಟೆಕ್ ಮಾಡಿದವಳು.

"ಡಾಕ್ಟರು ಇನ್ಮ್ಯಾಲೆ ಸಿಹಿ ಬ್ಯಾಡ ಅಂದಾರ್ರಿ ಅತ್ತಿ," ಎಂದಳು.

ಶಾವಂತ್ರವ್ವ ತಲೆಯೆತ್ತಿದಳು. ಸೊಸೆಯ ಬೋಳಾದ ನೆತ್ತಿ, ಎಲುಬೆದ್ದ ಮಣಿಕಟ್ಟು, ಬಟ್ಟಲು, ಎಲ್ಲದರ ಮೇಲೂ ಅವಳ ಕಣ್ಣು ಹರಿಯಿತು.

"ಮಾದಲಿಯಿಂದನ ಏನು ಹಿಂಗಾದದ್ದು?"

"ಇಲ್ಲ," ಎಂದಳು ದಾಕ್ಷಾಯಿಣಿ. "ಪೊರಿ ಸತ್ತದ್ದಕ್ಕ."

ಮುದುಕಿ ಸೊಸೆಯ ಕೈಯಿಂದ ಚಮಚವನ್ನು ಬಿಡಿಸಿಕೊಂಡಳು. ಬಟ್ಟಲನ್ನು ಎತ್ತಿಕೊಂಡು ಹಿತ್ತಲಿಗೆ ಹೋದಳು. ಅಲ್ಲಿ ಬಹಳ ಹೊತ್ತು ಪಾತ್ರೆ ತಿಕ್ಕುವ ಸದ್ದು ಕೇಳಿಸಿತು. ಒಂದು ಬಟ್ಟಲಿಗೆ ಅಷ್ಟು ತಿಕ್ಕಬೇಕಾಗಿರಲಿಲ್ಲ.

ದಾಕ್ಷಾಯಿಣಿ ಎದ್ದು ಕಪಾಟಿನ ಮೇಲಿನ ಕಾಗದ ತೆಗೆದಳು. ಹೊಸ ಪೊರೆ ಎಂಬ ಸಾಲಿನ ಮುಂದೆ ಎರಡು ಚೌಕಗಳಿದ್ದವು. ಹುಬ್ಬಳ್ಳಿಯಲ್ಲಿ ಈಗ ಆ ಗೆರೆ ತಲೆಯೆತ್ತಿ ಇಳಿದಿರುತ್ತದೆ. ಯಾರೋ ಸಕ್ಕರೆ ನೀರು ಹನಿಸಿರುತ್ತಾರೆ. ಅವಳು ಬೇಡ ಎಂಬಲ್ಲಿ ಗುರುತು ಹಾಕಿದಳು. ಗೆರೆ ನೇರವಾಗಿ ಬಂತು. ಅದು ಅವಳಿಗೇ ಕೆಟ್ಟದೆನಿಸಿತು. ಹೆಸರು ಬರೆದು, ಕೆಳಗೆ ತಾರೀಖು ಹಾಕಿದಳು.

ಶಾವಂತ್ರವ್ವ ಒಳಗೆ ಬಂದು ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡಳು. ಕಾಗದವನ್ನು ನೋಡಿದಳು, ಓದಲಿಲ್ಲ. ಒಲೆಯ ಮುಂದೆ ನಿಂತು, ಬೆನ್ನು ಮಾಡಿಯೇ ಕೇಳಿದಳು:

"ನಿನಗ ಏನು ಬೇಕು, ದಾಕ್ಷಿ?"

ದಾಕ್ಷಾಯಿಣಿ ಯೋಚಿಸಿದಳು. ಮದುವೆಗೆ ಮೊದಲು ತನಗೆ ಏನೋ ಇಷ್ಟವಿತ್ತು. ಹುಳಿಯಾದದ್ದೇ, ಖಾರದ್ದೇ? ಬಾಯಿಯಲ್ಲಿ ಅದರ ರುಚಿಯನ್ನು ಹುಡುಕಿದಳು. ಸಿಗಲಿಲ್ಲ. ಅತ್ತೆ ಅವಸರ ಮಾಡಲಿಲ್ಲ. ಒಲೆ ಹಚ್ಚದೆ, ತಿರುಗದೆ, ಕೈಯಲ್ಲಿ ಬರಿದಾದ ಬೋಗುಣಿ ಹಿಡಿದು ನಿಂತೇ ಇದ್ದಳು.

ಐದು ಹೊಡೆಯಿತು. ಹಸಿವು ಇನ್ನೂ ಇತ್ತು.